ಒಂದರ ಮೇಲೇ ಓಡುವ ಎಂಜಿನ್

ಅಕ್ಕಾ,

ಇಲ್ಲಿ ಸಾಹುಕಾರರ ಸಣ್ಣ ಜೆಟ್ ವಿಮಾನಗಳನ್ನು ತೊಳೆಯುವುದು ನನ್ನ ಕೆಲಸ. ಎಂಜಿನ್ನಿಗೆ ಎಷ್ಟು ಇಂಧನ ಬೇಕೆಂದು ನೋಡಿಕೊಳ್ಳುವ ಕಂಪ್ಯೂಟರಿಗೆ ಎರಡು ಮಿದುಳು. ಇವತ್ತು ಎಂಜಿನ್ ಓಡುತ್ತಿರುವಾಗಲೇ ಮೇಸ್ತ್ರಿ ಪರೀಕ್ಷೆಗೆಂದು ಒಂದು ಮಿದುಳನ್ನು ನಿಲ್ಲಿಸಿದರು. ಎಂಜಿನ್ನಿನ ಸದ್ದು ಕೂದಲೆಳೆಯಷ್ಟೂ ಬದಲಾಗಲಿಲ್ಲ.

“ಹಾಗಾದ್ರೆ ಒಂದೇ ಸಾಕಲ್ವಾ?” ಎಂದೆ.

“ಓಡುತ್ತೆ ಕಣೋ, ಸ್ಕೂಲಿಗೆ ಚಕ್ಕರ್ ಹೊಡೆದವನೇ! ಅದೂ ಕೈಕೊಟ್ರೆ ಹಿಂದೆ ಯಾರಿದಾರೆ? ಓಡ್ತಿದೆ ಅಂತ ಒಂದರ ಮೇಲೇ ಭಾರ ಹಾಕಿ ಸುಮ್ನಿರಬಾರದು.”

ಅಮ್ಮ ಹಾಸಿಗೆ ಹಿಡಿದಾಗಿನಿಂದ ನೀನೊಬ್ಬಳೇ ನಿದ್ದೆಗೆಡುತ್ತಿದ್ದೀಯ. ‘ಹೇಗೋ ನಡೀತಿದೆ, ನೀನು ಬರಬೇಡ’ ಎಂದು ನೀನು ಬರೆದದ್ದನ್ನು ನಾನು ನಂಬಿದ್ದೆ. ಮಧ್ಯಾಹ್ನವೇ ರಜೆ ಕೇಳಿದೆ. ಸಂಬಳ ಹಿಡಿಯುತ್ತಾರಂತೆ, ಹಿಡಿಯಲಿ. ಹೋದ ತಿಂಗಳು ಹಿಡಿದಿದ್ದ ನನ್ನ ಕೆಮ್ಮೂ ವಾಸಿಯಾಗಿದೆ, ಅಮ್ಮನಿಗೆ ಅಂಟುವ ಭಯವಿಲ್ಲ. ಶನಿವಾರ ಬರುತ್ತೇನೆ. ಅಮ್ಮನ ಔಷಧಿ ಯಾವುದು ಯಾವಾಗ ಎಂದು ನನಗೆ ಹೇಳಿಕೊಟ್ಟು, ನೀನು ಮಲಗಿಬಿಡು.

ನಿನ್ನ ತಮ್ಮ