ಮೋತ್ಯಾನ ತಾಟು

॥ ಶ್ರೀ ಮಲ್ಲಯ್ಯ ಪ್ರಸನ್ನ ॥

ಕಳವಾ
ಶ್ರಾವಣ ಸೋಮವಾರ, ೨೬-೮-೧೯೯೬

ಚಿ. ಸೌ. ಮಯೂರಿಗೆ ನಿನ್ನ ಅವ್ವನ ಆಶೀರ್ವಾದ.

ನಿಮ್ಮಪ್ಪ ಈಗ ದವಾಖಾನಿಯಾಗ ಎದ್ದು ಕೂಡ್ತಾರ, ಗಂಜಿ ಕುಡೀತಾರ. ಎದಿನೋವು ಇಲ್ಲ. ಬರೂ ಐತವಾರ ಮನಿಗೆ ಬಿಡ್ತೀವಿ ಅಂದಾರ ಡಾಕ್ಟರು. ಮಲ್ಲಯ್ಯ ದೊಡ್ಡಾವ.

ಐರೋಲಿಗೆ ನಿಮ್ಮ ಮನಿಗೆ ಬಂದೇ ಕೇಳಬಹುದಿತ್ತು, ಆದರ ಅಳಿಯಂದಿರ ಮುಂದ ಕೇಳೂ ಮಾತಲ್ಲ. ಫೋನು ವಸಂತಿಬಾಯಿ ಮನಿಯಾಗ ಐತಿ, ಆಕಿ ಕಿವಿ ಫೋನಿಗಿಂತ ಚುರುಕು. ಅದಕ್ಕ ಬರೀತೀನಿ.

ನೀ ಬಂದು ಎರಡು ದಿನ ಇದ್ದಿ. ಶುಕ್ರವಾರ ನೀನಾಗೇ, ಅವ್ವ ನೀ ಗುಡಿಗೆ ಹೋಗಿ ಬಾ, ನಾಯಿ ನಾ ನೋಡ್ಕೋತೀನಿ ಅಂದಿ. ನಾಯಿ ಅಂದ್ರ ಮಾರು ದೂರ ನಿಲ್ಲೂ ಹುಡುಗಿ ನೀನು. ನಾ ತಿರುಗಿ ಬರೂದ್ರಾಗ ಮೋತ್ಯಾ ಸತ್ತಿತ್ತು, ಗೋಣಿಚೀಲದಾಗ ಸುತ್ತಿ ಕಟ್ಟಿಯೂ ಆಗಿತ್ತು. ಮುದಿ ನಾಯಿ, ಅಪ್ಪ ಇಲ್ಲದ್ದಕ್ಕ ಹತ್ತು ದಿನ ಸರಿಯಾಗಿ ಉಂಡಿರಲಿಲ್ಲ, ಹೋತು ಅಂದಿ. ಇರಬಹುದು. ಆದರ ಅದರ ತಾಟು ತಿಕ್ಕಿ ತೊಳೆದು ಬೋರಲು ಹಾಕಿದ್ದಿ. ಹನ್ನೆರಡು ವರ್ಷದಾಗ ಒಮ್ಮೆಯೂ ಆ ತಾಟಿಗೆ ಕೈ ಹಚ್ಚದಾಕಿ ಅವತ್ತ ಯಾಕ ತಿಕ್ಕಿದಿ?

ಚಾಳದ ಮಂದಿಗೆ ಖುಷಿನ ಖುಷಿ. ಯಜಮಾನನ ಮ್ಯಾಲಿನ ಗಂಡಾಂತರ ನಾಯಿ ಹೊತಗೊಂಡು ಹೋತು ಅಂತಾರ. ವಸಂತಿಬಾಯಿ ಇಡಾ-ಪಿಡಾ ಟಳಲೀ, ಪೀಡಾ ತೊಲಗಿತು ಅಂತ ಸಕ್ಕರಿ ಹಂಚಿದಳು. ಒಂದು ಜೀವ ಹೋದದ್ದಕ್ಕ ಸಕ್ಕರಿ! ನಮ್ಮೂರಾಗೂ ಹಿಂಗ ಅಂತಿದ್ದರು ಖರೆ, ಆದರ ಅಲ್ಲಿ ನಾಯಿ ತಾನಾಗೇ ಸಾಯ್ತಿತ್ತು.

ಮುಂಬ್ರಾ ಸ್ಟೇಷನ್ನಿನಿಂದ ಮರಿ ಇದ್ದಾಗ ಅಂಗಿಯೊಳಗ ಹಾಕ್ಕೊಂಡು ತಂದಿದ್ದರು ನಿಮ್ಮಪ್ಪ. ಅದಕ್ಕ ರೊಟ್ಟಿ ಹಾಕದ ತಾವು ತುತ್ತು ಎತ್ತಿದಾವರಲ್ಲ. ನಿನ್ನೆ, ಮೋತ್ಯಾ ಉಂಡಿತೇನ ಅಂತ ಕೇಳಿದರು. ಉಂಡಿತು ಅಂದೆ. ಹಣಿಮ್ಯಾಲೆ ವಿಭೂತಿ ಇಟಗೊಂಡು ಸುಳ್ಳು ಹೇಳಿದೆ.

ಮನಿಗೆ ಬಂದ ಮ್ಯಾಲೆ ಏನು ಹೇಳಲಿ? ತಾನಾಗೇ ಸತ್ತಿದ್ದರ ಹಂಗ ಹೇಳ್ತೀನಿ, ಅತ್ತು ತಡಕೋತಾರ. ನೀ ತಾಟಿನಾಗ ಏನರ ಹಾಕಿದ್ದರ ಆ ಎದಿ ತಡಕೊಳ್ಳೂದಿಲ್ಲ. ಹಾಕಿದ್ದಿ ಏನು ಮಯೂರಿ? ಹೆತ್ತಾಕಿಗೆ ಖರೇ ಬರಿ. ಐತವಾರದೊಳಗ ನಿನ್ನ ಕಾಗದ ಮುಟ್ಟಬೇಕು.

ಇಂತಿ ನಿನ್ನ ಅವ್ವ
ದಾನಮ್ಮ

ತಾ.ಕ.: ಬರದಾದ ಮ್ಯಾಲೆ ಅಂಟಿಸಾಕ ಮನಸ್ಸು ಬರಲಿಲ್ಲ. ಗುರುವಾರ ಸಂಜೀಕ ನಾ ಮಲ್ಲಯ್ಯನ ಫೋಟೋ ಮುಂದ ಕಣ್ಣು ಮುಚ್ಚಿ ಕುಂತು, ಮಲ್ಲಯ್ಯಾ, ನಿನಗ ಜೀವಾನ ಬೇಕಾಗಿದ್ದರ ಬಾಗಿಲಾಗ ಮಲಗೇತಲ್ಲ, ಅದನ್ನ ತಗೋ, ಇವರನ್ನ ಬಿಡು ಅಂತ ಬೇಡಿಕೊಂಡೆ. ಬಾಯಿಬಿಟ್ಟೇ ಅಂದೆ. ಕಣ್ಣು ತೆಗೆದಾಗ ನೀ ಹಿಂದ ನಿಂತಿದ್ದಿ. ಕೇಳಿಸಿತ್ತೇನು? ಕೇಳಿಸಿದ್ದರ ಬ್ಯಾರೆ ಏನೂ ಬರೀಬ್ಯಾಡ. ಕೊಂದಾಕಿ ನಾನು ಅಂತ ನಿಮ್ಮಪ್ಪಗ ನಾನೇ ಹೇಳ್ತೀನಿ.