ನಿನ್ನ ಹೆಸರಿಗೆ ಓಗೊಟ್ಟವಳು

ಸೋಮವಾರ, ಮಾರ್ಚ್ ೧೧

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಗಳೂ ತಲುಪಿವೆ. ಉತ್ತರ ಬರೆಯದೆ ಕೂತದ್ದಕ್ಕೆ ಎಷ್ಟು ಬೇಕಾದರೂ ಬೈ, ಆದರೆ ಇದನ್ನು ಕೊನೆಯವರೆಗೂ ಓದು. ಭಾವನ ಮೊಣಕಾಲು ನೋವು ಹೇಗಿದೆ? ನಿನ್ನ ಮಗನ ಪರೀಕ್ಷೆ ಮುಗಿಯಿತೇ? ಇಲ್ಲಿ ನಾವು ಉಣ್ಣುತ್ತಿದ್ದೇವೆ, ಮಲಗುತ್ತಿದ್ದೇವೆ. ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ.

ಅಮ್ಮನ ಕೋಣೆ ಖಾಲಿ ಮಾಡಿದೆ. ಹಾಸಿಗೆಯ ಕೆಳಗೆ ಹಳೆಯ ಪೇಪರಿನ ರಾಶಿ ಸಿಕ್ಕಿತು. ಎಲ್ಲವನ್ನೂ ಅಂಚಿಗೆ ಅಂಚು ಕೂಡಿಸಿ ಮಡಿಸಿ, ಉಗುರಿನಿಂದ ಗೀರಿ ಇಟ್ಟಿದ್ದಾಳೆ. ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷ ಪುಸ್ತಕದ ಹಾಳೆ ಮಡಿಸಿದ ಕೈ. ಮನೆಯ ದಾರಿ ಮರೆತರೂ ಕೆಲಸ ಮರೆಯಲಿಲ್ಲ. ನನ್ನ ಮಗಳಿಗೂ ಕಲಿಸಿದ್ದಳು. ‘ಬೆರಳಲ್ಲಲ್ಲ, ಉಗುರಲ್ಲಿ ಒತ್ತು’ ಎಂದು ಅವಳು ಈಗಲೂ ಅಜ್ಜಿಯ ಗತ್ತಿನಲ್ಲೇ ಹೇಳುತ್ತಾಳೆ. ನನಗೆ ಕೇಳಲಾಗುವುದಿಲ್ಲ, ಎದ್ದು ಹೋಗುತ್ತೇನೆ.

‘ನನ್ನನ್ನು ಯಾಕೆ ಕರೆಸಲಿಲ್ಲ?’ ಎಂದು ಎರಡು ಕಾಗದದಲ್ಲೂ ಕೇಳಿದ್ದೀಯ. ಎಲ್ಲ ಮುಗಿದ ಮೇಲೆ ಬಂದು ಬಾಗಿಲಲ್ಲಿ ನಿಂತಾಗಲೂ ಅದನ್ನೇ ಕೇಳಿದೆ. ಡಾಕ್ಟರು ಗಾಬರಿ ಬೇಡ ಅಂದಿದ್ದರು ಎಂದೆ. ಅದು ಸುಳ್ಳು.

ಅಮ್ಮ ನಿನ್ನ ಅಪ್ಪನನ್ನು ಮದುವೆಯಾಗಿ, ನನ್ನನ್ನು ಎತ್ತಿಕೊಂಡು ಅವರ ಮನೆಗೆ ಬಂದಾಗ ನನಗೆ ನಾಲ್ಕು, ನಿನಗೆ ಏಳು. ನಿನ್ನ ಹೆತ್ತಮ್ಮ ತೀರಿಕೊಂಡು ವರ್ಷವಾಗಿತ್ತು. ನನ್ನನ್ನು ಹುಟ್ಟಿಸಿದ ಅಪ್ಪ ಎಲ್ಲಿದ್ದನೋ ಯಾರಿಗೂ ಗೊತ್ತಿರಲಿಲ್ಲ. ‘ಮಲತಾಯಿ ಅನ್ನೋ ಮಾತು ಈ ಮನೆ ಹೊಸಿಲು ದಾಟಬಾರದು’ ಎಂದು ಅಮ್ಮ ಅಂದೇ ಹಟ ತೊಟ್ಟಳು. ಅಂದಿನಿಂದ ಅವಳ ಬಾಯಲ್ಲಿ ನೀನು ದೊಡ್ಡು, ನಾನು ಚಿಕ್ಕಿ. ಹೊಸ ಬಟ್ಟೆ ನಿನಗೆ, ನೀನು ಬಿಟ್ಟದ್ದು ನನಗೆ. ಇಬ್ಬರಿಗೂ ಜ್ವರ ಬಂದರೆ ಅಮ್ಮ ಮಲಗುತ್ತಿದ್ದದ್ದು ನಿನ್ನ ಪಕ್ಕ. ‘ಹೆತ್ತೋರಿಗೆ ಹೆಗ್ಗಣ ಮುದ್ದಂತೆ, ಈ ಹೆಗ್ಗಣಕ್ಕೆ ಆ ಭಾಗ್ಯಾನೂ ಇಲ್ಲ’ ಎಂದು ನಾನು ಗೊಣಗಿದರೆ ನೀವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ. ನನಗದು ತಮಾಷೆಯಾಗಿರಲಿಲ್ಲ, ಅಕ್ಕ.

ಕಳೆದ ವರ್ಷ ಮರೆವು ಹೆಚ್ಚಾದಾಗ ಅಮ್ಮ ಮೊದಲು ಮರೆತದ್ದು ನನ್ನನ್ನು. ದಿನಾ ಸ್ನಾನ ಮಾಡಿಸುವ ನನಗೆ ‘ನೀವು’ ಎನ್ನತೊಡಗಿದಳು. ‘ನಿಮಗ್ಯಾಕಮ್ಮ ತೊಂದರೆ? ನಮ್ಮ ದೊಡ್ಡು ಬರ್ತಾಳೆ, ಅವಳು ನೋಡ್ಕೋತಾಳೆ’ ಅನ್ನುವಳು. ಕೊನೆಗೆ, ಗುರುತಿಲ್ಲದವರ ಕೈ ತುತ್ತು ಬೇಡ ಎಂದು ಬಾಯಿ ಬಿಗಿದಳು. ಎರಡು ದಿನ ಉಪವಾಸ. ಮೂರನೆಯ ದಿನ ತಟ್ಟೆ ಹಿಡಿದು, ‘ಅಮ್ಮ, ನಾನೇ, ದೊಡ್ಡು ಬಂದಿದೀನಿ’ ಎಂದೆ. ಬಾಯಿ ತೆರೆದಳು.

ಉಣ್ಣಿಸಲೆಂದೇ ಶುರು ಮಾಡಿದ್ದು, ನಂಬು. ಆದರೆ ಅವಳು ನನ್ನ ಕೆನ್ನೆ ಸವರಿ, ‘ಎಷ್ಟು ಸೊರಗಿದೀಯೇ’ ಎಂದಳು. ಆ ಕೈಗಾಗಿ ನಾನು ನಲವತ್ತು ವರ್ಷ ಕಾದಿದ್ದೆ. ನೀನು ಬಂದರೆ ನಾನು ಮತ್ತೆ ‘ನೀವು’ ಆಗಿಬಿಡುತ್ತಿದ್ದೆ. ಅದಕ್ಕೇ ನೀನು ಫೋನ್ ಮಾಡಿದಾಗಲೆಲ್ಲ ಅಮ್ಮ ಮಲಗಿದ್ದಾಳೆ ಎಂದೆ. ‘ಅಜ್ಜಿ ದೊಡ್ಡಮ್ಮನ್ನ ಕರೆದ್ರೆ ನೀನ್ಯಾಕೆ ಹೋಗ್ತೀಯ?’ ಎಂದು ಮಗಳು ಕೇಳಿದಳು. ಗದರಿಸಿ ಆಚೆ ಕಳಿಸಿದೆ.

ಒಂದು ದಿನ ಅಮ್ಮ, ‘ನಿನಗೆ ನಾನೇನೂ ಕಡಿಮೆ ಮಾಡ್ಲಿಲ್ಲ ಅಲ್ವಾ?’ ಎಂದು ಕೇಳಿದಳು. ಇಲ್ಲಮ್ಮ ಎಂದೆ. ಅದು ನೀನು ಹೇಳಬೇಕಾಗಿದ್ದ ಮಾತು. ಅವಳ ಕೊನೆಯ ನಾಲ್ಕು ತಿಂಗಳನ್ನು ನಿನ್ನಿಂದ ಕದ್ದೆ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ.

ಭಾವನಿಗೆ ನಮಸ್ಕಾರ, ಮಗನಿಗೆ ನನ್ನ ಆಶೀರ್ವಾದ. ಅವನ ಅಜ್ಜಿ ಅವನನ್ನು ಕೊನೆಯವರೆಗೂ ಕೇಳುತ್ತಿದ್ದಳೆಂದು ಹೇಳು. ಅದೊಂದು ನಿಜ.

ನಿನ್ನ ತಂಗಿ,
ಚಿಕ್ಕಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ತೆಗೆದೆ. ಕೊನೆಯ ದಿನ ಬೆಳಿಗ್ಗೆ ಅಮ್ಮ ನನ್ನ ಕೈ ಹಿಡಿದು, ‘ದೊಡ್ಡು, ಚಿಕ್ಕಿ ಯಾಕೆ ಬರ್ಲಿಲ್ಲ? ನನ್ನ ಮೇಲೆ ಕೋಪಾನಾ? ಅವಳು ನನ್ನ ಹೊಟ್ಟೇಲಿ ಹುಟ್ಟಿದೋಳು, ತಡ್ಕೋತಾಳೆ ಅಂತ ಎಲ್ಲಾ ನಿನಗೇ ಕೊಟ್ಟೆ. ಅವಳಿಗೊಂದು ಮಾತು ಹೇಳ್ಬೇಕು, ಕರೆಸೇ’ ಎಂದಳು. ‘ಅಮ್ಮ, ನಾನೇ ಚಿಕ್ಕಿ’ ಎಂದೆ. ಎಷ್ಟು ಸಲ ಎಂದೆನೋ. ಅವಳು ನಕ್ಕು, ‘ಹೋಗೇ, ನನ್ನ ಮಗಳು ನನಗೆ ಗೊತ್ತಾಗಲ್ವಾ?’ ಎಂದಳು. ಮಧ್ಯಾಹ್ನ ಉಸಿರು ನಿಲ್ಲುವವರೆಗೂ ಬಾಗಿಲನ್ನೇ ನೋಡುತ್ತಿದ್ದಳು. ನಾನು ಪಕ್ಕದಲ್ಲೇ ಕೂತಿದ್ದೆ.