ಕುಂತವರಿಗೆ ಕಾಫಿ

ಈಸ್ಟ್ ಹ್ಯಾರೋ, ವರ್ಮಾಂಟ್
ಮಾರ್ಚ್ ೧೯

ಪ್ರೀತಿಯ ತಮ್ಮ ಟಾಡ್,

ನಾವೆಲ್ಲ ಕ್ಷೇಮ. ನಿನ್ನ ಪಾರ್ಸೆಲ್ ಜನವರಿಯಲ್ಲೇ ಕೈಸೇರಿತು, ಉತ್ತರ ಮಾತ್ರ ಮಾರ್ಚಿಗೆ. ಕ್ಷಮಿಸು. ಹಿಮ, ಕೆಮ್ಮು, ಅಂಗಡಿ ಎಂದು ಕಾರಣ ಜೋಡಿಸಬಲ್ಲೆ. ಆದರೆ ನೀನು ವಾಷಿಂಗ್ಟನ್ನಿನಲ್ಲಿ ದಿನವೂ ಇದಕ್ಕಿಂತ ಚೆಂದದ ಕಾರಣಗಳನ್ನು ಕೇಳುವವನು.

ಉಣ್ಣೆಯ ಚಪ್ಪಲಿ ಅಮ್ಮನಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ಊದಿದ ಕಾಲೂ ತಕರಾರಿಲ್ಲದೆ ಒಳಗೆ ಹೋಗುತ್ತದೆ. "ಟಾಡ್‌ಗೆ ನನ್ನ ಕಾಲಿನ ಅಳತೆ ಇನ್ನೂ ನೆನಪಿದೆ ನೋಡಿ" ಎಂದು ಬಂದವರಿಗೆಲ್ಲ ಕಾಲೆತ್ತಿ ತೋರಿಸುತ್ತಾಳೆ. ಹುಣ್ಣು ನಿಧಾನವಾಗಿ ಒಣಗುತ್ತಿದೆ. ಸಕ್ಕರೆ ಕಾಯಿಲೆಯವರ ಹುಣ್ಣು ಗೊತ್ತಲ್ಲ, ಹಟಮಾರಿ. ಆ ಕಾಲನ್ನು ಊರಲೇಬಾರದು ಎಂದು ಡಾಕ್ಟರ ಅಪ್ಪಣೆ. ನರ್ಸ್ ಡೀನಾ ವಾರಕ್ಕೆರಡು ಸಲ ಮನೆಗೇ ಬಂದು ಪಟ್ಟಿ ಬದಲಿಸುವುದರಿಂದ ಕಾಲು ಉಳಿದಿದೆ, ಅದು ನಿಂತರೆ ಕತ್ತರಿಸಬೇಕಾದೀತು ಎಂದೂ ಅವರೇ ಹೇಳಿದ್ದಾರೆ.

ಡೀನಾಳ ಸಂಬಳ ವಾಷಿಂಗ್ಟನ್ನಿನಿಂದ ಬರುತ್ತಿದೆ. ಹೊಸ ಮಸೂದೆಯಿಂದಾಗಿ ಜೂನ್‌ಗೆ ನಿಲ್ಲುತ್ತದೆ. ಆ ಮಸೂದೆಯನ್ನು ನಿನಗೆ ನಾನು ಪರಿಚಯಿಸಬೇಕಿಲ್ಲ. ಅದನ್ನು ಹೊಗಳಿ ಮಾತಾಡಿದ ಸಂಸದರಲ್ಲಿ ನಿನ್ನ ಸಾಹೇಬರೂ ಒಬ್ಬರು. ಅವರ ಭಾಷಣ ಬರೆಯುವುದು ನಿನ್ನ ಹೊಟ್ಟೆಪಾಡು. ಅದಕ್ಕಾಗಿ ಜಗಳವಾಡಬಾರದೆಂದು ಅಮ್ಮ ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಿದ್ದಾಳೆ. ಹಾಗಾಗಿ ಸಿಟ್ಟನ್ನೆಲ್ಲ ಊರ ವಾರಪತ್ರಿಕೆಯ ನನ್ನ ಅಂಕಣಕ್ಕೆ ಸುರಿಯುತ್ತೇನೆ. ಅಪ್ಪನ ಪ್ರಾಸದ ಹುಚ್ಚು ನನಗಷ್ಟೇ ಅಂಟಿತು, ನೀನು ಪಾರಾದೆ ಎಂದುಕೊಂಡಿದ್ದೆ. ಮೊನ್ನೆಯದು ಹೀಗಿತ್ತು:

ಬಡವರ ಮದ್ದಿಗೆ ಬೊಕ್ಕಸ ಖಾಲಿ,
ಧಣಿಗಳ ತೆರಿಗೆಗೆ ತೊಟ್ಟಿಲ ಲಾಲಿ.

ನಮ್ಮ ಪಕ್ಷದವರನ್ನೂ ಬಿಟ್ಟಿಲ್ಲ. ಆ ಕಡೆಯವರು ಸುಳ್ಳನ್ನು ಹಾಡಿನಂತೆ ಹಾಡುತ್ತಾರೆ, ನಮ್ಮವರು ಸತ್ಯವನ್ನು ನೀರಿನ ಬಿಲ್ಲಿನಂತೆ ಓದುತ್ತಾರೆ. ಸೋತರೆ ಸಮಿತಿ, ಗೆದ್ದರೆ ಭೀತಿ. ಆದರೂ ನಾನು ಅವರನ್ನು ಬಿಟ್ಟು ಹೋಗುವವನಲ್ಲ. ಕಾಯಿಲೆ ಬಿದ್ದವರಿಗೆ ಸರ್ಕಾರ ಕೈಹಿಡಿಯಬೇಕು ಎಂದು ಗೊಣಗುವ ಧ್ವನಿಯಲ್ಲಾದರೂ ಹೇಳುವವರು ಅವರೇ ತಾನೆ?

ಈಗ ಮುಖ್ಯ ಸುದ್ದಿ. ಮಾರ್ಚ್ ಮೊದಲ ಮಂಗಳವಾರದ ಊರಸಭೆ ನಿನಗೆ ಮರೆತಿರಲಾರದು: ಶಾಲೆಯ ಆಟದ ಹಾಲ್, ಮಡಚುವ ಕುರ್ಚಿ, ಕೆಸರು ಮೆತ್ತಿದ ಬೂಟು, ಹಿಂದುಗಡೆ ಬೀನ್ಸು, ಸೇಬಿನ ಪೈ. ಡೀನಾಳ ಸಂಬಳವನ್ನು ಊರೇ ಮನೆತೆರಿಗೆ ಏರಿಸಿ ಕೊಡಬೇಕೇ ಎಂಬ ಪ್ರಶ್ನೆ ಊಟಕ್ಕೆ ಸ್ವಲ್ಪ ಮುಂಚೆ ಬಂತು. ಅರ್ಧ ಊರಿಗೆ ಮನಸ್ಸಿತ್ತು, ಇನ್ನರ್ಧ ಯೋಚಿಸುತ್ತಿತ್ತು. ಆಗ ನಾನೆದ್ದೆ.

ಅಮ್ಮನ ಕಾಲಿನ ಬಗ್ಗೆ ಎರಡು ಮಾತಾಡಿ ಕೂತಿದ್ದರೆ ಸಾಕಿತ್ತು. ಬದಲಿಗೆ ಪ್ರಾಸ ಓದಿದೆ. ಚಪ್ಪಾಳೆ ಬರಲಿಲ್ಲವೆಂದು ಇನ್ನೊಂದು ಓದಿದೆ. ಕೊನೆಗೆ "ಈ ಮಸೂದೆ ತಂದವರಿಗೆಲ್ಲ ವೋಟು ಹಾಕಿದ ಮಹನೀಯರು ಈಗ ಕೈಯೆತ್ತಿ ನೋಡೋಣ" ಎಂದುಬಿಟ್ಟೆ. ನಮ್ಮ ಊರಸಭೆಯಲ್ಲಿ ರಸ್ತೆ ಗುಂಡಿಗೆ ಪಕ್ಷವಿಲ್ಲ, ಹಿಮ ತೆಗೆಯುವ ಗಾಡಿಗೆ ಪಕ್ಷವಿಲ್ಲ. ನಾನು ಹೋಗಿ ನರ್ಸಿಗೆ ಪಕ್ಷ ಅಂಟಿಸಿದೆ. ಯೋಚಿಸುತ್ತಿದ್ದವರು ಯೋಚನೆ ನಿಲ್ಲಿಸಿದರು.

"ಹೌದು ಅನ್ನೋರು ವೇದಿಕೆ ಕಡೆ, ಇಲ್ಲ ಅನ್ನೋರು ಬಾಗಿಲ ಕಡೆ ಹೋಗಿ ನಿಂತ್ಕೊಳ್ಳಿ" ಎಂದರು ಸಭೆ ನಡೆಸುವ ಮೇಡಂ. ನಮ್ಮ ಪಕ್ಕದ ಮನೆಯ ರಾಯ್ಸ್ ಕೋಬರ್ನ್ ಇದ್ದಾನಲ್ಲ, ಅಂಗಳದಲ್ಲಿ ಎದುರು ಪಕ್ಷದ ದೇಶಾಧ್ಯಕ್ಷರ ಹೆಸರಿನ ಬಾವುಟ ಹಾರಿಸುವವನು, ಹಿಮ ಬಿದ್ದಾಗಲೆಲ್ಲ ಕೇಳದೆಯೇ ನಮ್ಮ ದಾರಿ ತೆರವು ಮಾಡುವವನು, ಅವನು ಅಮ್ಮನ ಗಾಲಿಕುರ್ಚಿಯನ್ನು ವೇದಿಕೆ ಕಡೆ ತಳ್ಳಿಕೊಟ್ಟು, ತಾನು ನಡೆದು ಹೋಗಿ ಬಾಗಿಲ ಕಡೆ ನಿಂತ. ಕೆಲವೇ ತಲೆಗಳ ಅಂತರದಲ್ಲಿ ಸೋತೆವು. ಊಟದ ಬಿಡುವು ಕೊಟ್ಟರು.

ನಾನು ತಟ್ಟೆ ಹಿಡಿದು ಗೋಡೆಗೊರಗಿ ನಿಂತಿದ್ದೆ. "ನಿನ್ನ ಪದ್ಯ ಕೇಳಿ ನಂಗೇ ಬಾಗಿಲ ಕಡೆ ಹೋಗೋಣ ಅನ್ನಿಸ್ತು ಕಣೋ" ಎಂದಳು ಅಮ್ಮ. ಅಷ್ಟರಲ್ಲಿ ರಾಯ್ಸ್ ಬಂದ. ಅಮ್ಮನ ಕೈಗೆ ಕಾಫಿ ಲೋಟವಿಟ್ಟು, ಕಾಲಿನಿಂದ ಒಂದು ಕುರ್ಚಿಯನ್ನು ನನ್ನತ್ತ ತಳ್ಳಿದ.

"ನಿಮ್ಮಪ್ಪ ಏನಂತಿದ್ರು? ನಿಂತವರಿಗೆ ಕುರ್ಚಿ ಕೊಡು, ಕುಂತವರಿಗೆ ಕಾಫಿ ಕೊಡು. ಕೂತ್ಕೊಳ್ಳಯ್ಯ, ಕವಿರಾಜ."

ಅಪ್ಪ ಮೇಪಲ್ ಮರದ ರಸವನ್ನು ಪಾಕವಾಗಿ ಕುದಿಸುವ ಗುಡಿಸಲಲ್ಲಿ ಯಾರೇ ಬಂದರೂ ಹೇಳುತ್ತಿದ್ದ ಮಾತು. ಬಂದವನು ಯಾವ ಪಕ್ಷ ಎಂದು ಕೇಳುತ್ತಿರಲಿಲ್ಲ, ಸಕ್ಕರೆ ಎಷ್ಟು ಎಂದು ಕೇಳುತ್ತಿದ್ದರು. ಆದರೂ ನಾನು ಕೂರಲಿಲ್ಲ. ಅಷ್ಟು ಸಿಟ್ಟು.

ಊಟ ಮುಗಿದು, ಮುಂದಿನ ವಿಷಯ ಓದಲು ಮೇಡಂ ಕನ್ನಡಕ ಏರಿಸುವಷ್ಟರಲ್ಲಿ ರಾಯ್ಸ್ ಎದ್ದು ಟೋಪಿ ತೆಗೆದ.

"ಮೇಡಂ, ನಾನು ಗೆದ್ದ ಕಡೆಯವನು. ಆ ನರ್ಸ್ ವಿಷ್ಯ ಇನ್ನೊಂದ್ಸಲ ಮತಕ್ಕೆ ಹಾಕಿ. ನನ್ನ ವೋಟು ಯಾರಿಗೆ ಅಂತ ನನ್ನ ಬಾವುಟ ಹೇಳುತ್ತೆ, ಮುಂದಿನ ಸಲಾನೂ ಅಲ್ಲಿಗೇ. ಆದ್ರೆ ಇದು ವಾಷಿಂಗ್ಟನ್ ವಿಷ್ಯ ಅಲ್ಲ, ಲೋಯಿಸಮ್ಮನ ಕಾಲಿನ ವಿಷ್ಯ. ನನ್ನ ಹಸೂಗೆ ಕೆಚ್ಚಲು ಬಾತ್ರೆ ಡಾಕ್ಟ್ರು ಕೊಟ್ಟಿಗೆಗೇ ಬರ್ತಾರೆ. ಈಯಮ್ಮ ಹಸೂಗಿಂತ ಕಡಿಮೇನಾ?"

"ಬೇರೆ ಹೋಲಿಕೆ ಸಿಗ್ಲಿಲ್ವೇನೋ ನಿಂಗೆ!" ಎಂದಳು ಅಮ್ಮ. ಇಡೀ ಹಾಲ್ ನಕ್ಕಿತು.

"ಇನ್ನೊಂದು ಮಾತು" ಎಂದ ರಾಯ್ಸ್. "ಈ ಸಲ ಕ್ರೇಗ್ ಬಾಯಿ ತೆಗೀಬಾರ್ದು."

ನಾನು ತೆಗೆಯಲಿಲ್ಲ. ಬಾಗಿಲ ಕಡೆ ನಿಂತಿದ್ದವರು ಒಬ್ಬೊಬ್ಬರಾಗಿ ವೇದಿಕೆ ಕಡೆ ಬಂದರು, ಕೆಲವರು ಪೈ ತಟ್ಟೆ ಹಿಡಿದುಕೊಂಡೇ. ಡೀನಾ ಉಳಿದಳು. ಅಮ್ಮನ ಕಾಲು ಉಳಿಯಿತು.

ಹೊರಗೆ ಕೆಸರಲ್ಲಿ ರಾಯ್ಸ್‌ನನ್ನು ತಡೆದು ಕೇಳಿದೆ: "ಮೊದಲೇ ನಮ್ಮ ಕಡೆ ನಿಂತಿದ್ರೆ ಏನಾಗ್ತಿತ್ತೋ?"

"ಸೋಲ್ತಿದ್ವಿ. ಸೋತೋರು ಮತ್ತೆ ಮತಕ್ಕೆ ಹಾಕಿ ಅಂತ ಕೇಳೋ ಹಾಗಿಲ್ಲ, ಗೆದ್ದೋರೇ ಕೇಳ್ಬೇಕು. ನಿಯಮ ಓದಿಲ್ವಾ? ನೀನು ಎರಡನೇ ಪದ್ಯ ಶುರು ಮಾಡ್ದಾಗ್ಲೇ ಗೊತ್ತಾಯ್ತು, ಕೆಟ್ಟಿತು ಕೆಲಸ ಅಂತ. ಗೆಲ್ಲೋ ಕಡೆ ಒಬ್ಬ ನಮ್ಮೋನು ಇರ್ಲಿ ಅಂತ ಹೋಗಿ ನಿಂತೆ."

ನಮ್ಮೋನು! ಟಾಡ್, ಈ ಒಂದು ಪದಕ್ಕೆ ನಾನು ಇಡೀ ವರ್ಷ ಋಣಿ. ಆ ವಾರದ ಅಂಕಣದಲ್ಲಿ ಬೈಗುಳವಿರಲಿಲ್ಲ, ಪ್ರಾಸವೂ ಇರಲಿಲ್ಲ, ಬರೀ ವಂದನೆ ಇತ್ತು. ರಾಯ್ಸ್ ಓದಿ "ಸಪ್ಪೆ" ಎಂದನಂತೆ. ಬಾವುಟ ಇನ್ನೂ ಹಾರುತ್ತಿದೆ. ನಾನು ಇನ್ನೂ ಅದನ್ನು ನೋಡಿ ಹಲ್ಲು ಕಡಿಯುತ್ತೇನೆ, ಕಡಿದ ಹಲ್ಲಲ್ಲೇ ಅವನಿಗೆ ಕೈಬೀಸಿ ನಗುತ್ತೇನೆ. ಈ ದೇಶ ಸದ್ಯಕ್ಕೆ ಹೀಗೆ ನಡೆಯುತ್ತಿದೆ ಎಂದು ಕಾಣುತ್ತದೆ: ಮೇಲೆ ಮುರಿಯುವವರು, ಕೆಳಗೆ ಬೆಸೆಯುವವರು. ಬೆಸೆಯುವವರ ಪಕ್ಕದ ಮನೆ ನನಗೆ ಸಿಕ್ಕಿದ್ದು ಪುಣ್ಯ.

ಈ ಸಲದ ಪಾಕದ ಒಂದು ಡಬ್ಬಿ ಕಳಿಸುತ್ತಿದ್ದೇನೆ. ಚೆನ್ನಾಗಿ ಉಣ್ಣು, ನಿದ್ದೆ ಮಾಡು. ನಿನಗೆ ಒಳ್ಳೆಯದಾಗಲಿ, ನಿನ್ನ ಮಾತು ಒಳ್ಳೆಯ ಬಾಯಿಗೆ ಸಿಗಲಿ.

ನಿನ್ನ ಅಣ್ಣ,
ಕ್ರೇಗ್

ಮರೆತ ಮಾತು: ಫೆಬ್ರವರಿಯಲ್ಲಿ ಆ ಮಸೂದೆಯ ದಿನ ನಿನ್ನ ಸಾಹೇಬರು ಟಿವಿಯಲ್ಲಿ ಬಂದರು. ಡೀನಾ ನೆಲದ ಮೇಲೆ ಕೂತು ಅಮ್ಮನ ಕಾಲಿಗೆ ಪಟ್ಟಿ ಕಟ್ಟಿ ಮುಗಿಸುತ್ತಿದ್ದಳು. "ನಮ್ಮ ಹಿರಿಯರು ಹೇಳುತ್ತಿದ್ದರು, ನಿಂತವರಿಗೆ ಕುರ್ಚಿ ಕೊಡು, ಕುಂತವರಿಗೆ ಕಾಫಿ ಕೊಡು" ಎಂದರು ಸಾಹೇಬರು. ಅಮ್ಮನ ಮುಖ ಅರಳಿತು: "ಅಯ್ಯೋ, ನಿಮ್ಮಪ್ಪನ ಮಾತು! ನಮ್ಮ ಟಾಡ್ ಕೊಟ್ಟಿದ್ದಾನೆ!" ಸಾಹೇಬರು ಒಂದು ಕ್ಷಣ ತಡೆದು ಮುಂದುವರಿಸಿದರು: "ಆದರೆ ಕುಂತವರಿಗೆಲ್ಲ ಕಾಫಿ ಕೊಡುತ್ತ ಹೋದರೆ, ಏಳುವವರು ಯಾರು?" ಸಭೆ ಚಪ್ಪಾಳೆ ತಟ್ಟಿತು. ಒಳ್ಳೆಯ ಸಾಲು, ತಮ್ಮ. ನನಗೆ ಅಂಥದ್ದು ಹೊಳೆಯುವುದಿಲ್ಲ.

ಅಮ್ಮ ಟಿವಿ ಆರಿಸಿದಳು. "ಡೀನಾ, ಕಾಫಿ ಕುಡೀತೀಯೇನಮ್ಮ?" ಎಂದು ಕೇಳಿ, ನಾವು ಬೇಡ ಬೇಡ ಎನ್ನುತ್ತಿದ್ದರೂ ಎದ್ದು, ಆ ಕಾಲನ್ನೂ ಊರಿಕೊಂಡು ಒಲೆಯವರೆಗೆ ನಡೆದಳು. ನೀನು ಕಳಿಸಿದ ಚಪ್ಪಲಿ ಹಾಕಿಕೊಂಡೇ.